ಮಾವನಿಗೂ ಮಂಡಿನೋವು, ನಾಯಿಗೂ ಸೊಂಟನೋವು: ಒಂದೇ ಮಾತ್ರೆ ಸಾಕಾ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮನೆಯ ಲ್ಯಾಬ್ರಡಾರ್ ರಾಜನಿಗೆ 11 ವರ್ಷ, ತೂಕ 38 ಕಿಲೋ. ಎರಡು ವರ್ಷದಿಂದ ಬೆಳಿಗ್ಗೆ ಏಳಲು ಕಷ್ಟಪಡುತ್ತಿದ್ದ. ಈ ಮಳೆಗಾಲದಲ್ಲಿ ಜಾಸ್ತಿಯಾಗಿದೆ. ಹಿಂಗಾಲು ಸಣ್ಣಗಾಗಿ ನಡುಗುತ್ತದೆ, ಜಗಲಿಯ ಮೆಟ್ಟಿಲು ಹತ್ತುವುದಿಲ್ಲ, ಟೈಲ್ಸ್ ಮೇಲೆ ಜಾರುತ್ತಾನೆ. ಆದರೆ ಒಮ್ಮೆಯೂ ನೋವಿನಿಂದ ಕೂಗಿಲ್ಲ. ಕಳೆದ ವಾರ ಮಾವ ತಮ್ಮ ಮಂಡಿನೋವಿನ ಡೈಕ್ಲೋಫೆನಾಕ್ ಮಾತ್ರೆಯನ್ನೇ ಅರ್ಧ ಮಾಡಿ ಎರಡು ದಿನ ಕೊಟ್ಟರು. ಚೆನ್ನಾಗಿ ಓಡಾಡಿದ. ಅದನ್ನೇ ಮುಂದುವರಿಸಬಹುದಾ? ನಮ್ಮಲ್ಲಿ ಮೀನು, ಮೊಟ್ಟೆ ಇಲ್ಲ. ಅನ್ನ, ಮಜ್ಜಿಗೆ, ದೋಸೆಯೇ ಅವನ ಊಟ. ನೆಂಟರು 'ವಯಸ್ಸಾಯ್ತು, ಇಂಜೆಕ್ಷನ್ ಕೊಡಿಸಿ ಕಳಿಸಿಬಿಡಿ' ಎನ್ನುತ್ತಾರೆ. ಮಾವನಿಗೆ ಇರುವುದು ಒಂದೇ ಚಿಂತೆ: ರಾಜ ಮತ್ತೆ ತಮ್ಮ ಜೊತೆ ತೋಟಕ್ಕೆ ಬರುತ್ತಾನಾ?

ಉತ್ತರ: ಮೊದಲು ಆ ಮಾತ್ರೆ ನಿಲ್ಲಿಸಿ. ಉಳಿದದ್ದು ಆಮೇಲೆ ಮಾತಾಡೋಣ.

ಹಾಗೆಂದು ಮಾವನವರ ಮೇಲೆ ಸಿಟ್ಟಾಗಬೇಡಿ. ಮಂಡಿ ನೋಯುವುದು ಹೇಗಿರುತ್ತದೆ ಎಂದು ಅವರಿಗೆ ಗೊತ್ತು. ರಾಜನಿಗೆ ನೋವಿದೆ ಎಂದು ಮನೆಯಲ್ಲಿ ಮೊದಲು ಹಿಡಿದವರೂ ಅವರೇ ಇರಬೇಕು. ಆದರೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ತರಹದ ನಮ್ಮ ಮಾತ್ರೆಗಳನ್ನು ನಾಯಿಯ ದೇಹ ನಮ್ಮಂತೆ ತಾಳಿಕೊಳ್ಳುವುದಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ. ಪ್ಯಾರಾಸಿಟಮಾಲ್ ಕೂಡ ಪ್ರಮಾಣ ಮೀರಿದರೆ ಲಿವರ್ ಹಾಳು ಮಾಡುತ್ತದೆ. ಎರಡು ಅರ್ಧ ಮಾತ್ರೆ ಕೊಟ್ಟು ಒಂದು ವಾರವಾಗಿದೆ, ರಾಜ ಉಣ್ಣುತ್ತಿದ್ದಾನೆ ಎಂದರೆ ಬಹುಶಃ ಪಾರಾಗಿದ್ದಾನೆ. ವಾಂತಿ, ಊಟ ಬಿಡುವುದು, ಡಾಂಬರಿನಂತೆ ಕಪ್ಪಗೆ ಅಂಟಂಟಾದ ಹೇಲು, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಹೋದಾಗ ಮಾತ್ರೆಯ ವಿಷಯ ಮುಚ್ಚಿಡಬೇಡಿ. ಬೈದಾರು ಎಂದು ಎಷ್ಟೋ ಜನ ಹೇಳುವುದೇ ಇಲ್ಲ. ಅದರ ಮೇಲೆ ನಾವು ಪಶುವೈದ್ಯರು ಇನ್ನೊಂದು ನೋವಿನ ಔಷಧ ಕೊಟ್ಟರೆ ಅಪಾಯ ಎರಡು ಪಟ್ಟು.

ಡೈಕ್ಲೋಫೆನಾಕ್‌ಗೆ ಇನ್ನೊಂದು ಕಥೆಯೂ ಇದೆ. ಈ ಔಷಧ ಕೊಟ್ಟ ದನ ಸತ್ತರೆ, ಅದನ್ನು ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವು. ದೇಶದ ರಣಹದ್ದುಗಳೆಲ್ಲ ಹೀಗೇ ಖಾಲಿಯಾಗುತ್ತಾ ಬಂದವು. 2006ರಲ್ಲಿ ಸರ್ಕಾರ ಪ್ರಾಣಿಗಳಿಗೆ ಅದರ ಬಳಕೆ ನಿಷೇಧಿಸಿತು. ಅದರ ಜಾಗಕ್ಕೆ ಬಂದದ್ದು ಮೆಲಾಕ್ಸಿಕ್ಯಾಮ್. ರಾಜನಿಗೂ ಅದನ್ನೇ ಬರೆದುಕೊಟ್ಟರೆ ಆಶ್ಚರ್ಯವಿಲ್ಲ.

ಆ ಎರಡು ದಿನದಿಂದ ಒಂದು ಉಪಕಾರವಂತೂ ಆಗಿದೆ. ನೋವಿನ ಔಷಧ ಹೊಟ್ಟೆಗೆ ಬಿದ್ದ ಕೂಡಲೇ ನಾಯಿ ಓಡಾಡಿತು ಎಂದರೆ ಅದನ್ನು ಕಟ್ಟಿಹಾಕಿದ್ದು ವಯಸ್ಸಲ್ಲ, ನೋವು. ವಯಸ್ಸಿಗೆ ಔಷಧವಿಲ್ಲ. ನೋವಿಗೆ ಇದೆ.

ಕೂಗಿಲ್ಲ ಎಂದು ಬರೆದಿದ್ದೀರಿ. ದಿನವೂ ಇರುವ ಕೀಲುನೋವಿಗೆ ನಾಯಿ ಕೂಗುವುದಿಲ್ಲ. ಮಾಡುವ ಕೆಲಸ ಒಂದೊಂದಾಗಿ ಬಿಡುತ್ತಾ ಹೋಗುತ್ತದೆ, ಅಷ್ಟೇ. ಹಿಂದೆ ಬೇಲಿಯ ಅಡ್ಡಗಳುಗಳ ದಣಪೆಯನ್ನು ಹಾರಿ ದಾಟುತ್ತಿತ್ತು, ಈಗ ಯಾರಾದರೂ ಸರಿಸಲಿ ಎಂದು ನಿಂತಿರುತ್ತದೆ. ಬೈಕ್ ಸದ್ದಿಗೆ ಎದ್ದು ಓಡುತ್ತಿತ್ತು, ಈಗ ಮಲಗಿದಲ್ಲೇ ಬಾಲ ಬಡಿಯುತ್ತದೆ. ನಾವು 'ಪಾಪ, ಸಾಧು ಆಗಿದೆ' ಎಂದುಕೊಳ್ಳುತ್ತೇವೆ. ಸೊಂಟದ ಹತ್ತಿರ ಮುಟ್ಟಿದರೆ ಗುರ್ ಎನ್ನುವುದು, ಒಂದೇ ಜಾಗವನ್ನು ನೆಕ್ಕುತ್ತಾ ಕೂರುವುದು, ಓಡುವಾಗ ಎರಡೂ ಹಿಂಗಾಲು ಮೊಲದಂತೆ ಒಟ್ಟಿಗೆ ಎತ್ತಿಡುವುದು, ಎಲ್ಲ ಇದೇ ನೋವಿನ ಮಾತು.

ಒಳಗೆ ಏನಾಗಿರಬಹುದು? ನಿಮ್ಮ ಮನೆಯ ಒರಳುಕಲ್ಲನ್ನು ನೆನೆಸಿಕೊಳ್ಳಿ. ಒರಳು ಆಳವಾಗಿದ್ದರೆ ಗುಂಡು ಅದರೊಳಗೆ ಸರಿಯಾಗಿ ಕೂತು ತಿರುಗುತ್ತದೆ. ಸೊಂಟದ ಕೀಲೂ ಹಾಗೆಯೇ, ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಲ್ಲಿ ಕೂತಿರುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂತಹ ದೊಡ್ಡ ತಳಿಗಳಲ್ಲಿ ಎಷ್ಟೋ ನಾಯಿಗಳಿಗೆ ಈ ಬಟ್ಟಲು ವಂಶದಿಂದಲೇ ಆಳ ಕಡಿಮೆ, ಗುಂಡು ಸಡಿಲ. ಇದಕ್ಕೆ ಹಿಪ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ವರ್ಷಗಟ್ಟಲೆ ಅಲ್ಲಾಡಿ ಅಲ್ಲಾಡಿ ನಡುವಿನ ಮೆತ್ತನೆಯ ಪದರ ಸವೆಯುತ್ತದೆ, ಅಂಚಿನಲ್ಲಿ ಮೂಳೆ ಬೆಳೆಯುತ್ತದೆ, ಕೀಲು ಉರಿಯುತ್ತದೆ. ಸವೆದದ್ದು ತಿರುಗಿ ಬರುವುದಿಲ್ಲ. ಆದರೆ ನೋವಿಗೆ ಸವೆತ ಒಂದೇ ಕಾರಣವಲ್ಲ. ಆ ಕೀಲಿನ ಮೇಲೆ ಬೀಳುವ ಭಾರ, ಅದನ್ನು ಹಿಡಿದಿಡುವ ಸ್ನಾಯು, ಕಾಲು ಜಾರುವ ನೆಲ, ಇವೂ ಸೇರಿಯೇ ನೋವು. ಇವು ಮೂರೂ ನಿಮ್ಮ ಕೈಯಲ್ಲಿವೆ.

ಆದರೂ ಇದು ಸಂಧಿವಾತವೇ ಎಂದು ನಾನು ಇಲ್ಲಿ ಕೂತು ಹೇಳಲಾರೆ. ಹಾಗೆ ಹೇಳಿ ಒಮ್ಮೆ ಕೆಟ್ಟಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು, ಕರಾವಳಿಯಲ್ಲಿದ್ದೆ. ಮೀನುಗಾರರ ಮನೆಯ ಒಂದು ಮುದಿ ನಾಯಿ, ಒಂದು ದಿನ ಈ ಕಾಲು ಕುಂಟುತ್ತಿತ್ತು, ಇನ್ನೊಂದು ದಿನ ಆ ಕಾಲು. ವಯಸ್ಸಿನ ವಾತ ಎಂದು ಎರಡು ತಿಂಗಳು ನೋವಿನ ಮಾತ್ರೆ ಕೊಟ್ಟೆ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಉಣುಗಿನಿಂದ ಬರುವ ಜ್ವರ, ಎರ್ಲಿಕಿಯಾ. ನಾಲ್ಕು ವಾರದ ಡಾಕ್ಸಿಸೈಕ್ಲಿನ್‌ಗೆ ನಾಯಿ ಎದ್ದು ಓಡಿತು. ಕಾಡಿಗೆ, ಕೊಟ್ಟಿಗೆಗೆ ಹೋಗಿ ಬರುವ ನಿಮ್ಮ ಕಡೆಯ ನಾಯಿಗಳ ಮೈಮೇಲೆ ಉಣುಗು ಇಲ್ಲದಿರುವುದೇ ಅಪರೂಪ. ಹಾಗಾಗಿ ರಕ್ತ ಪರೀಕ್ಷೆಯಲ್ಲಿ, ಈ ಜ್ವರಕ್ಕೆ ಇಳಿಯುವ ಪ್ಲೇಟ್‌ಲೆಟ್ ಎಷ್ಟಿದೆ ಎಂದು ಕೇಳಿ ನೋಡಿ.

ಇನ್ನೊಂದು ಪರೀಕ್ಷೆಯನ್ನು ನೀವೇ ಮಾಡಬಹುದು. ರಾಜ ನಿಂತಿರುವಾಗ ಒಬ್ಬರು ಹೊಟ್ಟೆಯ ಕೆಳಗೆ ಕೈಕೊಟ್ಟು ಆಧಾರ ಕೊಡಿ. ಇನ್ನೊಬ್ಬರು ಹಿಂಗಾಲಿನ ಪಾದವನ್ನು ಮೆಲ್ಲಗೆ ಹಿಂದಕ್ಕೆ ಮಡಚಿ, ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ನೋವಷ್ಟೇ ಇದ್ದರೆ ತಕ್ಷಣ ಪಾದ ತಿರುಗಿಸಿ ಸರಿಯಾಗಿ ಊರುತ್ತಾನೆ. ಮಡಚಿದ ಪಾದದ ಮೇಲೆಯೇ ಸುಮ್ನೆ ನಿಂತರೆ, ಅಥವಾ ನಡೆಯುವಾಗ ಉಗುರು ನೆಲಕ್ಕೆ ಉಜ್ಜುವ ಸದ್ದು ಬರುತ್ತಿದ್ದರೆ, ತೊಂದರೆ ಬೆನ್ನುಹುರಿಯದ್ದು ಇರಬಹುದು. ಅದರ ದಾರಿಯೇ ಬೇರೆ. ಒಂದೇ ದಿನದಲ್ಲಿ ಒಂದು ಕಾಲು ಪೂರ್ತಿ ಎತ್ತಿಬಿಟ್ಟರೆ, ಮೂಳೆಯ ಮೇಲೆ ಗಟ್ಟಿ ಊತ ಕಂಡರೆ, ಮೂತ್ರ ಕಟ್ಟಿದರೆ ಕಾಯಬೇಡಿ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಬೆಳಿಗ್ಗೆ ಮಲಗಿದಲ್ಲಿಂದ ಏಳುವುದು, ಅಂಗಳದಲ್ಲಿ ನಿಮ್ಮ ಕಡೆಗೆ ನಡೆದು ಬರುವುದು, ದೂರ ಹೋಗುವುದು, ಮೆಟ್ಟಿಲಿನ ಹತ್ತಿರ ನಿಂತು ಯೋಚಿಸುವುದು. ಆಸ್ಪತ್ರೆಗೆ ಬಂದ ನಾಯಿ ಹೆದರಿಕೆಗೆ ನೆಟ್ಟಗೆ ನಡೆದುಬಿಡುತ್ತದೆ. ಮನೆಯವರು 'ಅಯ್ಯೋ, ಮನೆಯಲ್ಲಿ ಹೀಗಿರಲಿಲ್ಲ' ಎನ್ನುತ್ತಾರೆ. ನನಗೆ ಅರ್ಧ ಗಂಟೆಯ ಪರೀಕ್ಷೆಗಿಂತ ಅರ್ಧ ನಿಮಿಷದ ವಿಡಿಯೊ ಹೆಚ್ಚು ಹೇಳುತ್ತದೆ. ಸೊಂಟದ ಎಕ್ಸ್‌ರೇ ಬೇಕೆಂದರೆ ನಾಯಿಯನ್ನು ಮಂಪರು ಮಾಡಿ ಕಾಲು ನೀಡಿ ತೆಗೆಯಬೇಕು. ಹತ್ತಿರದಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗಬಹುದು. ಕಾರವಾರದವರು ಗೋವಾಕ್ಕೆ ಹೋಗಿ ಬರುವುದುಂಟು. ಎಕ್ಸ್‌ರೇ ಭೀಕರವಾಗಿ ಕಂಡ ಮಾತ್ರಕ್ಕೆ ಹೆದರಬೇಡಿ. ಕೆಟ್ಟ ಎಕ್ಸ್‌ರೇ ಇದ್ದೂ ಆರಾಮಾಗಿ ಓಡಾಡುವ ನಾಯಿಗಳಿವೆ, ಚಿತ್ರ ಚೆನ್ನಾಗಿದ್ದೂ ನರಳುವ ನಾಯಿಗಳಿವೆ.

ಈಗ ಮಾತ್ರೆ. ನಾಯಿಗಳಿಗೆಂದೇ ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್, ಫಿರೊಕಾಕ್ಸಿಬ್ ಇವೆ. ತೂಕ ನೋಡಿ ಡಾಕ್ಟರು ಪ್ರಮಾಣ ಬರೆಯುತ್ತಾರೆ. ಶುರು ಮಾಡುವ ಮುಂಚೆ ಲಿವರ್, ಕಿಡ್ನಿಯ ರಕ್ತ ಪರೀಕ್ಷೆ ಆಗಲಿ. ಕೆಲವು ವಾರ ಬಿಟ್ಟು ಮತ್ತೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ಊಟದ ಜೊತೆಗೇ ಕೊಡಬೇಕು, ಊಟ ಬಿಟ್ಟ ದಿನ ಮಾತ್ರೆಯನ್ನೂ ಬಿಡಬೇಕು. ನಮ್ಮ ಜನ ಮಾಡುವ ತಪ್ಪೆಂದರೆ ನಾಯಿ ಕುಂಟಿದ ದಿನ ಒಂದು ಕೊಡುವುದು, ನಡೆದ ದಿನ ಬಿಡುವುದು. ಮೊದಲ ಮೂರ್ನಾಲ್ಕು ವಾರ ಬಿಡದೆ ಹೇಳಿದಂತೆ ಕೊಡಿ. ನೋವು ಇಳಿದರೆ ನಾಯಿ ನಡೆಯುತ್ತದೆ, ನಡೆದರೆ ತೊಡೆಗೆ ಸ್ನಾಯು ಬರುತ್ತದೆ, ಸ್ನಾಯು ಬಂದ ಮೇಲೆ ಮಾತ್ರೆ ಇಳಿಸಬಹುದಾ ಎಂದು ಡಾಕ್ಟರ ಜೊತೆ ಕೂತು ನೋಡಬಹುದು. ಒಂದೇ ಔಷಧ ಸಾಲದಿದ್ದರೆ ಜೊತೆಗೆ ಗ್ಯಾಬಪೆಂಟಿನ್ ಸೇರಿಸುತ್ತಾರೆ. ಅದು ಸ್ವಲ್ಪ ಮಂಪರು ತರುತ್ತದೆ.

'ಒಂದು ಸೂಜಿ ಹಾಕಿದರು, ಮರುದಿನ ಕುದುರೆಯಂತೆ ಓಡಿತು' ಎಂಬ ಮಾತನ್ನು ನೀವೂ ಕೇಳಿರುತ್ತೀರಿ, ಅಲ್ವಾ? ಅಂಥ ಪವಾಡ ಹೆಚ್ಚಾಗಿ ಸ್ಟೀರಾಯ್ಡ್‌ನದ್ದು. ಕೆಲವು ಕಾಯಿಲೆಗೆ ಅದು ಬೇಕೇ ಬೇಕು. ಸವೆದ ಸೊಂಟಕ್ಕೆ ತಿಂಗಳುಗಟ್ಟಲೆ ಕೊಟ್ಟರೆ ಹಸಿವು, ನೀರಡಿಕೆ ಏರಿ ತೂಕ ಬರುತ್ತದೆ, ಇರುವ ಸ್ನಾಯುವೂ ಕರಗುತ್ತದೆ. ಮೇಲೆ ಹೇಳಿದ ಮಾತ್ರೆಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ. ಸೂಜಿ ಹಾಕುವ ಮುಂಚೆ 'ಇದು ಸ್ಟೀರಾಯ್ಡಾ ಸಾರ್?' ಎಂದು ಕೇಳಲು ಸಂಕೋಚ ಬೇಡ.

ಇನ್ನು ತೂಕ. ಇಲ್ಲಿ ಮಾವನವರನ್ನು ಒಪ್ಪಿಸುವ ಕೆಲಸ ನಿಮ್ಮದು. ಅದು ಮಾತ್ರೆಗಿಂತ ಕಷ್ಟ.

ಗಂಡು ಲ್ಯಾಬ್ರಡಾರ್ ಸಾಮಾನ್ಯವಾಗಿ 29ರಿಂದ 36 ಕಿಲೋ ಇರಬೇಕು. ರಾಜನ ಹಿಂಗಾಲು ಸಣ್ಣಗಾಗಿದ್ದೂ 38 ಇದ್ದರೆ ನಡುವೆ ಇರುವುದು ಕೊಬ್ಬು. ನಿಮ್ಮ ಅಂಗೈ ಹಿಂಭಾಗ ಸವರಿ ನೋಡಿ, ಬೆರಳುಮೂಳೆಗಳು ತೆಳ್ಳಗೆ ಕೈಗೆ ಸಿಗುತ್ತವೆ. ರಾಜನ ಪಕ್ಕೆಲುಬು ಅಷ್ಟು ಸಿಗಬೇಕು. ಅಂಗೈ ಒಳಭಾಗದಂತೆ ದಪ್ಪಗೆ ಇದ್ದರೆ ತೂಕ ಜಾಸ್ತಿ. ತೂಕದ ನೂರಕ್ಕೆ ಆರೇಳು ಪಾಲು ಇಳಿಸಿದರೂ ಕುಂಟು ಕಡಿಮೆಯಾಗುವುದು ಕಾಣುತ್ತದೆ. ರಾಜನ ಲೆಕ್ಕದಲ್ಲಿ ಅದು ಎರಡೂವರೆ ಕಿಲೋ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿದ ಒಂದು ಅಧ್ಯಯನ ಇದೆ, 2002ರಲ್ಲಿ ಪ್ರಕಟವಾಯಿತು. ಒಡಹುಟ್ಟಿದ ಜೋಡಿಗಳಲ್ಲಿ ಒಂದಕ್ಕೆ ಕಾಲು ಭಾಗ ಊಟ ಕಡಿಮೆ ಹಾಕಿದರು. ಕಡಿಮೆ ಉಂಡವು ಸುಮಾರು 13 ವರ್ಷ ಬದುಕಿದವು, ಇನ್ನೊಂದು ಗುಂಪು 11 ವರ್ಷ ದಾಟಿ ಸ್ವಲ್ಪ ದಿನ. ಕೀಲು ಸವೆತವೂ ಕಡಿಮೆ ಉಂಡವಕ್ಕೆ ತಡವಾಗಿ ಬಂತು. ಮಾವನವರಿಗೆ ಇದನ್ನೇ ಓದಿ ಹೇಳಿ.

ಅನ್ನ, ಮಜ್ಜಿಗೆ, ದೋಸೆ: ಇದರಲ್ಲಿ ಹೊಟ್ಟೆ ತುಂಬುತ್ತದೆ, ಸ್ನಾಯುವಿಗೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ. ರಾಜನ ತೊಡೆ ಕರಗಿದ್ದಕ್ಕೆ ನೋವಿನ ಜೊತೆ ಇದೂ ಕಾರಣ ಎಂದು ನನ್ನ ಗುಮಾನಿ. ಮೊಟ್ಟೆ ಒಳಗೆ ಬರದ ಮನೆಯಲ್ಲಿ ಸುಲಭದ ದಾರಿ ಎಂದರೆ ವಯಸ್ಸಾದ ನಾಯಿಗೆಂದೇ ಮಾಡಿದ ಪ್ಯಾಕೆಟ್ ಆಹಾರ. ಸಸ್ಯಾಹಾರದ್ದೂ ಸಿಗುತ್ತದೆ. ಕೊಟ್ಟಿಗೆಯ ಹೊರಗೆ ತಟ್ಟೆ ಇಟ್ಟರೆ ಅಡುಗೆಮನೆಗೂ ಅದಕ್ಕೂ ಸಂಬಂಧ ಇರುವುದಿಲ್ಲ, ನಮ್ಮ ಎಷ್ಟೋ ಮನೆಗಳಲ್ಲಿ ಹಾಗೇ ನಡೆದಿದೆ. ಅದೂ ಬೇಡವೆಂದರೆ ಅನ್ನ ಅರ್ಧ ಮಾಡಿ, ಗಟ್ಟಿ ಮೊಸರು, ಪನೀರ್, ಚೆನ್ನಾಗಿ ಬೇಯಿಸಿದ ಬೇಳೆ, ಬೀನ್ಸ್, ಸಿಹಿಗುಂಬಳ ಸೇರಿಸಿ. ಬೇಳೆಗೆ ಒಗ್ಗರಣೆ ಬೇಡ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ಆಗುವುದಿಲ್ಲ. ಪಾಯಸದ ಒಣದ್ರಾಕ್ಷಿಯಂತೂ ಕಿಡ್ನಿಗೆ ವಿಷ. ದೋಸೆಗೆ ಸವರಿದ ಒಂದು ಚಮಚ ತುಪ್ಪ ಅಂದರೆ 45 ಕ್ಯಾಲೊರಿ, ಅದನ್ನು ಮರೆಯಬೇಡಿ. ಮಾವ ಕೈಯಾರೆ ಕೊಡಬೇಕು ಎನ್ನುವುದಾದರೆ ಸೌತೆಕಾಯಿ ಹೋಳು ಕೊಡಲಿ. ರಾಜನಿಗೆ ಮಾವನ ಕೈಯಿಂದ ಬಂದರಾಯಿತು.

ವಾರಕ್ಕೆ 400 ಗ್ರಾಂ ಇಳಿದರೆ ಸಾಕು, ಒಮ್ಮೆಲೇ ಇಳಿಸಬಾರದು. ತೂಗುವುದು ಹೇಗೆ ಎಂದು ಪೇಟೆಯವರು ಕೇಳುತ್ತಾರೆ. ನಿಮ್ಮ ಮನೆಯಲ್ಲಿ ಅಡಿಕೆ ಚೀಲ ತೂಗುವ ಕಾಟಾ ಇರುತ್ತದಲ್ಲ, ಅದರ ಮೇಲೆ ಗೋಣಿ ಹಾಸಿ ನಿಲ್ಲಿಸಿ.

ಈಗ ಮಳೆಗಾಲಕ್ಕೆ ಬರೋಣ. ಮಳೆಗಾಲದಲ್ಲಿ ನೋವು ಹೆಚ್ಚುವುದು ಥಂಡಿಗೆ ಎನ್ನುತ್ತಾರೆ. ಅರ್ಧ ನಿಜ. ಉಳಿದರ್ಧ, ಹೊರಗೆ ಸುರಿಯುತ್ತಿದೆ ಎಂದು ನಾಯಿ ಇಡೀ ದಿನ ಮಲಗಿರುತ್ತದೆ. ಮಲಗಿದಷ್ಟೂ ಕೀಲು ಬಿಗಿಯುತ್ತದೆ. ಎದ್ದರೆ ಟೈಲ್ಸ್ ಒದ್ದೆ. ಒಮ್ಮೆ ಜಾರಿ ಎರಡು ಕಾಲು ಅಗಲವಾದರೆ ನಾಲ್ಕು ದಿನದ ನೋವು, ಅದರ ಮೇಲೆ ಹೆದರಿಕೆ. ಹೊಸ ಟೈಲ್ಸ್ ಹಾಕಿಸಿದ ವರ್ಷವೇ ನಾಯಿಗೆ 'ವಯಸ್ಸಾದ' ಮನೆಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಹಾಗಾಗಿ ಮಲಗುವ ಜಾಗದಿಂದ ನೀರಿನ ಪಾತ್ರೆಗೆ, ಅಲ್ಲಿಂದ ಬಾಗಿಲಿಗೆ ಒಂದು ದಾರಿ ಹಾಸಿ. ಅಡಿಗೆ ರಬ್ಬರ್ ಇರುವ ಮ್ಯಾಟ್ ಅಥವಾ ನಾರಿನ ಮ್ಯಾಟ್ ಒಳ್ಳೆಯದು. ಬರೀ ಗೋಣಿಚೀಲ ನಾಯಿಯ ಜೊತೆ ತಾನೂ ಜಾರುತ್ತದೆ, ಮಳೆಗಾಲದಲ್ಲಿ ಒಣಗುವುದೂ ಇಲ್ಲ. ಉಗುರು ಕತ್ತರಿಸಿ, ಅಂಗಾಲಿನ ನಡುವಿನ ಕೂದಲನ್ನೂ. ಮಲಗಲು ನಾಲ್ಕು ಇಂಚಿನ ಗಟ್ಟಿ ಫೋಮ್, ಅದರ ಕೆಳಗೆ ಒಂದು ಹಲಗೆ, ಮೇಲೆ ಕಂಬಳಿ. ಜಗಲಿಯ ಮೆಟ್ಟಿಲಿಗೆ ಸೀಳಿದ ಅಡಿಕೆ ಮರದ ದಬ್ಬೆಯನ್ನು ಒತ್ತಾಗಿ ಜೋಡಿಸಿ ಇಳಿಜಾರು ಮಾಡಿ. ಒಂದಡಿ ಎತ್ತರಕ್ಕೆ ಮೂರ್ನಾಲ್ಕು ಅಡಿ ಉದ್ದ ಇರಲಿ, ಮೇಲೆ ನಾರಿನ ಮ್ಯಾಟ್ ಹೊಡೆಯಿರಿ. ಅಲ್ಲಿಯವರೆಗೆ ಹಳೆಯ ಹತ್ತಿ ಸೀರೆಯನ್ನು ಮಡಚಿ, ತೊಡೆಸಂದಿಗೆ ಸ್ವಲ್ಪ ಮುಂದೆ ಹೊಟ್ಟೆಯ ಕೆಳಗೆ ಹಾಯಿಸಿ ಎರಡೂ ತುದಿ ಎತ್ತಿ ಹಿಡಿದರೆ ಹತ್ತಿಸಬಹುದು. ಅಂಗಳದ ಹಾವಸೆಗೆ ಜಾರದಿರಲೆಂದು ನಿಮ್ಮ ಓಡಾಟಕ್ಕೆ ಹೇಗೂ ಅಡಿಕೆ ಸೋಗೆ ಹಾಸಿರುತ್ತೀರಿ. ಅದನ್ನೇ ರಾಜ ಹೋಗುವ ಮೂಲೆಯವರೆಗೂ ಹಾಸಿ.

ಬಚ್ಚಲೊಲೆಯ ಬಾಯಲ್ಲಿ ಮಲಗಲು ಬಿಡಬೇಡಿ. ಬೆಚ್ಚಗೆ ಹಿತವಾಗಿರುತ್ತದೆ, ಕೆಂಡ ಸಿಡಿದರೆ ಥಟ್ಟನೆ ಏಳಲಾರದ ನಾಯಿ. ಬದಲಿಗೆ ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ, ನಿಮ್ಮ ಮಣಿಕಟ್ಟಿಗೆ ಇಟ್ಟು ನೋಡಿ, ಸೊಂಟಕ್ಕೆ ಹತ್ತು ನಿಮಿಷ ಶಾಖ ಕೊಡಿ. ಬೆಳಿಗ್ಗೆ ಏಳಿಸುವ ಮುಂಚೆ ಕೊಟ್ಟರೆ ಹೆಚ್ಚು ಉಪಯೋಗ. ಆಮೇಲೆ ತೊಡೆಯನ್ನು ಕೈಯಿಂದ ಮೆಲ್ಲಗೆ ನೀವಬಹುದು. ಮಾವನವರ ನೋವಿನ ತೈಲ, ಬಾಮು, ಸ್ಪ್ರೇ ಹಚ್ಚಬೇಡಿ. ಕರ್ಪೂರ, ನೀಲಗಿರಿ ಎಣ್ಣೆ ಇರುವಂಥವನ್ನು ನಾಯಿ ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ.

ಪೂರಕಗಳ ಬಗ್ಗೆ ನೀವು ಕೇಳಿಲ್ಲ, ಅಂಗಡಿಯವರು ಹೇಳಿಯೇ ಹೇಳುತ್ತಾರೆ. ಗ್ಲುಕೋಸಮಿನ್ ಮೇಲೆ ನನಗೆ ದೊಡ್ಡ ನಂಬಿಕೆ ಇಲ್ಲ, ಪುರಾವೆ ತೆಳು. ಮೀನೆಣ್ಣೆಯ ಒಮೆಗಾ-3ಗೆ ಪುರಾವೆ ಚೆನ್ನಾಗಿದೆ. ಕುಮಟಾ, ಅಂಕೋಲೆಯ ಓದುಗರು ಮುಳ್ಳು ಬಿಡಿಸಿದ ಬೇಯಿಸಿದ ಬಂಗಡೆಯನ್ನು ಉಪ್ಪು, ಖಾರ ಇಲ್ಲದೆ ವಾರಕ್ಕೆ ಎರಡು ಸಲ ಹಾಕಬಹುದು. ಒಣಮೀನು ಬೇಡ, ಉಪ್ಪು ವಿಪರೀತ. ನಿಮಗೆ ಕ್ಯಾಪ್ಸೂಲ್ ಕೂಡ ಒಗ್ಗದಿದ್ದರೆ ಪಾಚಿಯಿಂದ ತೆಗೆದ ಒಮೆಗಾ-3 ಎಣ್ಣೆ ಇದೆ. ಅಗಸೆಬೀಜ ಆ ಕೆಲಸ ಮಾಡದು, ಅದರಲ್ಲಿರುವ ಒಮೆಗಾವನ್ನು ನಾಯಿಯ ದೇಹ ಬಹಳ ಕಡಿಮೆ ಬಳಸಿಕೊಳ್ಳುತ್ತದೆ. ತೆಂಗಿನೆಣ್ಣೆ ಬರೀ ಕೊಬ್ಬು.

ನೆಂಟರ ಇಂಜೆಕ್ಷನ್ ಮಾತಿಗೆ ನನ್ನ ಉತ್ತರ: ಈಗಲ್ಲ. ರಾಜನಿಗೆ ಇನ್ನೂ ಒಂದೂ ಸರಿಯಾದ ಔಷಧ ಕೊಟ್ಟೇ ಇಲ್ಲ. ಕ್ಯಾಲೆಂಡರಿನಲ್ಲಿ ದಿನಾ ಒಂದು ಗುರುತು ಹಾಕಿ. ತಾನಾಗಿ ಎದ್ದನಾ, ಉಂಡನಾ, ಯಾರಾದರೂ ಬಂದಾಗ ಬಾಲ ಆಡಿಸಿದನಾ. ಔಷಧ, ತೂಕ, ನೆಲ ಎಲ್ಲ ಸರಿ ಮಾಡಿ ಎರಡು ಮೂರು ತಿಂಗಳಾದ ಮೇಲೂ ಕೆಟ್ಟ ದಿನಗಳೇ ಹೆಚ್ಚು, ಮಲಗಿದಲ್ಲೇ ಹೇಲು ಉಚ್ಚೆ, ಊಟದಲ್ಲಿ ಆಸೆ ಇಲ್ಲ ಎಂದಾದರೆ ಆಗ ಡಾಕ್ಟರ ಜೊತೆ ಮಾತಾಡಿ. ಆ ನಿರ್ಧಾರ ತಪ್ಪೂ ಅಲ್ಲ, ಪಾಪವೂ ಅಲ್ಲ. ಆದರೆ ಅದನ್ನು ನೆಂಟರು ಮಾಡಬಾರದು.

ತೋಟದ ವಿಷಯ. ಬೇಡವೆನ್ನಬೇಡಿ, ಹೋಗಲೇಬೇಕು. ಆದರೆ ಈಗಲೇ ಕೆಳಗಿನ ಹೊಂಡದ ತೋಟದವರೆಗೆ ಅಲ್ಲ. ಮಾತ್ರೆ ಶುರುವಾಗಿ ಒಂದು ವಾರದ ನಂತರ ಸಮತಟ್ಟಿನ ದಾರಿಯಲ್ಲಿ ಹತ್ತು ನಿಮಿಷ, ದಿನಕ್ಕೆ ಮೂರು ಸಲ. ಮರುದಿನ ಬೆಳಿಗ್ಗೆ ಏಳಲು ಹೆಚ್ಚು ಕಷ್ಟವಾಗದಿದ್ದರೆ ವಾರಕ್ಕೆ ಎರಡು ನಿಮಿಷ ಏರಿಸಿ. ಕಷ್ಟವಾದರೆ ಹಿಂದಿನ ವಾರದ ಲೆಕ್ಕಕ್ಕೆ ಬನ್ನಿ. ಭಾನುವಾರ ಒಂದು ಗಂಟೆ ಸುತ್ತಿಸಿ ಉಳಿದ ದಿನ ಮಲಗಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಕಡಿದಾದ ಧರೆ ಇಳಿಯುವುದು, ಚೆಂಡು ಎಸೆದು ಓಡಿಸುವುದು ಬೇಡವೇ ಬೇಡ. ದಣಪೆಯ ಕೆಳಗಿನ ಎರಡು ಗಳುಗಳನ್ನು ತೆಗೆದಿಡಿ, ದನ ನುಗ್ಗದಂತೆ ನೋಡಿಕೊಂಡರಾಯಿತು. ಮಾವನವರಿಗೆ ಅವರ ಡಾಕ್ಟರು ಎಷ್ಟು ನಡೆಯಲು ಹೇಳಿದ್ದಾರೆ ಎಂದು ಕೇಳಿ. ನನ್ನ ಅಂದಾಜಿನಲ್ಲಿ ಅದೂ ಹತ್ತು ಹದಿನೈದು ನಿಮಿಷವೇ ಇರುತ್ತದೆ. ಇಬ್ಬರನ್ನೂ ಒಟ್ಟಿಗೇ ಕಳಿಸಿ.